ಒಪ್ಪಿಸಿದ ಬಂದೂಕು

ಸಬ್ ಇನ್ಸ್‌ಪೆಕ್ಟರ್ ಮುರುಗಪ್ಪ ಎದ್ದು ಹೋದ ಮೇಲೂ ಆತ ಕುಳಿತಿದ್ದ ಕುರ್ಚಿ ಖಾಲಿಯಾಯಿತು ಎಂದು ಡಾಕ್ಟರ್ ದಾಕ್ಷಾಯಣಮ್ಮನಿಗೆ ಅನ್ನಿಸಲಿಲ್ಲ. ಅದನ್ನು ಗೋಡೆಗೆ ಸರಿಸಿದಳು. ಮತ್ತೆ ಮೇಜಿನ ಹತ್ತಿರಕ್ಕೆ ಎಳೆದಳು. ಹೊರಗೆ ಹಿರಿಯೂರಿನ ಸಂತೆಗೆ ಹೋಗುವ ಗಾಡಿಗಳ ಸದ್ದು, ಜಗಲಿಯ ಬೆಂಚಿನ ಮೇಲೆ ಕಾದು ಕುಳಿತವರ ಕೆಮ್ಮು. ಆತ ಬಂದದ್ದು ಗಂಟಲಿಗೆ ಔಷಧಿ ಕೇಳಲು. "ಎಲೆಕ್ಷನ್ನಾಗೆ ಕೂಗಿ ಕೂಗಿ ದನಿ ಬಿದ್ದೋಗೈತೆ ಅಕ್ಕಾರೆ, ಕಾನ್‌ಸ್ಟೇಬಲ್‌ಗಳು ನನ್ನ ಮಾತು ಕೇಳ್ಸಿಲ್ಲ ಅಂತ ನೆಪ ಹೇಳಾಕೆ ಹತ್ಯಾರೆ" ಎಂದು ನಕ್ಕಿದ್ದ. ಬಾಯಿ ತೆರೆಸಿ ಟಾರ್ಚು ಹಾಕಿದಾಗ ಪೊಲೀಸಿನವನ ಗಂಟಲೂ ಎಲ್ಲರ ಗಂಟಲಿನಂತೆ ಕೆಂಪಗೆ, ಮೆತ್ತಗೆ, ಅಸಹಾಯಕವಾಗಿತ್ತು. ಆತ ಬಾಯಿ ಮುಚ್ಚಿ, ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸುತ್ತಾ, ಎದ್ದು ಹೋಗುವವನಂತೆ ಮಾಡಿ ಹೋಗದೆ ಕೇಳಿದ್ದ: "ಜವನಗೊಂಡನಹಳ್ಳಿ ಕಡೆ ಜುಂಜಣ್ಣ ಅಂತ ಅವ್ನಲ್ರಿ, ಕುರಿಯೋನು? ಎಲೆಕ್ಷನ್‌ಗೆ ಅಂತ ಎಲ್ಲರ ಬಂದೂಕೂ ಠಾಣೆಗೆ ಒಪ್ಪಿಸ್ಕಂಡಿದ್ವಿ. ಈಗ ವಾಪಸ್ ಕೊಡಬೇಕು. ಅವನ ತಮ್ಮ ಓಬಣ್ಣ ಬಂದು, ನಮ್ಮಣ್ಣಂಗೆ ತಲೆ ನೆಟ್ಟಗಿಲ್ಲ ಸಾರ್, ಕೊಡಬ್ಯಾಡ್ರಿ ಅಂತಾನೆ. ಅಣ್ಣತಮ್ಮರಿಗೆ ಹೊಲದ ತಕರಾರು ಬ್ಯಾರೆ. ತಲೆ ಸರಿ ಇಲ್ದೋನ ಕೈಗೆ ಬಂದೂಕು ಕೊಡಂಗಿಲ್ಲ ಅಂತ ಕಾಯ್ದೇನೇ ಐತೆ. ನೀವೇನೂ ಬರ್ಕೊಡಬ್ಯಾಡ್ರಿ. ಒಂದು ಮಾತು ಹೇಳ್ರಿ, ಸಾಕು."

"ಜುಂಜಣ್ಣ ನನ್ನ ಪೇಷೆಂಟ್ ಅಲ್ಲ" ಎಂದಿದ್ದಳು ದಾಕ್ಷಾಯಣಮ್ಮ.

"ಒಂದು ಸಲನೂ ನಿಮ್ಮತ್ರ ಬಂದಿಲ್ವಾ?"

"ಇಲ್ಲ."

"ಹಂಗಾರೆ ಬಿಡ್ರಿ, ತಮ್ಮನ ಹೊಟ್ಟೆಕಿಚ್ಚು" ಎಂದು ಆತ ಎದ್ದಿದ್ದ. ಬಾಗಿಲಲ್ಲಿ ನಿಂತು, ಜಗಲಿಯ ಮೇಲಿದ್ದ ಮುದುಕಿಗೆ ದಾರಿ ಬಿಟ್ಟು, ಅವಳ ಕೋಲು ಜಾರಿ ಬಿದ್ದಿದ್ದನ್ನು ಬಗ್ಗಿ ಎತ್ತಿ ಕೊಟ್ಟು ಹೋಗಿದ್ದ. ಒಳ್ಳೆಯ ಮನುಷ್ಯ. ಒಳ್ಳೆಯವನಾಗಿದ್ದರಿಂದಲೇ ಆಕೆಯ ಮಾತನ್ನು ಇನ್ನೊಮ್ಮೆ ಹೊರಳಿಸಿ ನೋಡಲಿಲ್ಲ.

ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಜುಂಜಣ್ಣ ಈ ಮೆಟ್ಟಿಲು ಹತ್ತಿದವನಲ್ಲ. ಬರುತ್ತಿದ್ದವಳು ಅವನ ಹೆಂಡತಿ ಬೊಮ್ಮಕ್ಕ. ಅವನನ್ನು ದಾಕ್ಷಾಯಣಮ್ಮ ನೋಡಿದ್ದು ಒಂದೇ ಸಲ, ಅದೂ ಮಗಳಿಗೆ ಜ್ವರ ಎಂಬ ನೆಪ ಮಾಡಿಕೊಂಡು ಅವರ ಹಟ್ಟಿಗೆ ಹೋದಾಗ. ಅವನು ಮುಳ್ಳುಬೇಲಿಗೆ ಬೆನ್ನು ಕೊಟ್ಟು ಕುಳಿತು ಕಂಬಳಿಯ ಎಳೆಯೊಂದನ್ನು ಬಿಡಿಸುತ್ತಿದ್ದ. ಆಕೆ ಹೊರಟಾಗ ಎದ್ದು ಮುಂದೆ ಮುಂದೆ ನಡೆದು, ದಾರಿಗೆ ಬಾಗಿದ್ದ ಜಾಲಿಯ ಕೊಂಬೆಗಳನ್ನು ಕೋಲಿನಿಂದ ಒತ್ತಿ ಹಿಡಿದು, "ಸೀರೆಗೆ ತಾಗೀತು, ನೋಡ್ಕಂಡು ಬರ್ರಮ್ಮ" ಎಂದಿದ್ದ. ಜ್ವರದ ನೆಪ ಹೇಳಿ ಬಂದವಳ ಸೀರೆಯನ್ನು ಅವನು ಅಷ್ಟು ಜೋಪಾನ ಮಾಡುತ್ತಿದ್ದಾಗ ಆಕೆಗೆ ನಾಚಿಕೆಯಾಗಿತ್ತು. ಬಾವಿಯ ಹತ್ತಿರ ಬಂದಾಗ ದನಿ ತಗ್ಗಿಸಿ ಕೇಳಿದ: "ಇದರಾಗಿಂದ ಓಬಣ್ಣ ಮಾತಾಡ್ತಾನಲ್ಲ, ನಿಮಗೂ ಕೇಳ್ಸುತ್ತಾ?" "ಇಲ್ಲ ಜುಂಜಣ್ಣ" ಎಂದಳು. ಅವನು ಸಮಾಧಾನವಾದವನಂತೆ ತಲೆಯಾಡಿಸಿದ. "ಹಂಗಾರೆ ನನಗೊಬ್ಬನಿಗೇ ಹೇಳ್ತಿರೋದು ಅವನು."

ಬೆಂಗಳೂರಿನಲ್ಲಿ ಮನಸ್ಸಿನ ಕಾಯಿಲೆಯ ಡಾಕ್ಟರಾಗಿದ್ದ ಹಳೆಯ ಸಹಪಾಠಿಯನ್ನು ಕೇಳಿದಾಗ ಅವನು, ರೋಗಿಯನ್ನೇ ಕರೆದುಕೊಂಡು ಬಾ ಎಂದಿದ್ದ. ಬೊಮ್ಮಕ್ಕ ಕಾಲು ಹಿಡಿದುಕೊಂಡಳು. ಬೆಂಗಳೂರಿನ ಆ ಆಸ್ಪತ್ರೆ ಅಂದರೆ ಹಟ್ಟಿಯಲ್ಲಿ ಒಂದೇ ಅರ್ಥ. ಮಗಳನ್ನು ಯಾರು ಮಾಡಿಕೊಳ್ಳುತ್ತಾರೆ? ಕೊನೆಗೆ ಮಾತ್ರೆಗಳು ಬಂದವು. ಅವನಿಗೆ ತಿಳಿಯದ ಹಾಗೆ ಕೊಡುವ ದಾರಿಯೂ ಸಿಕ್ಕಿತು. ರಾಗಿಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಸಾರಿನಲ್ಲಿ ಅದ್ದಿ ನುಂಗುತ್ತಾರೆ. ನುಂಗುವ ತುತ್ತಿನಲ್ಲಿ ಒಂದು ಮಾತ್ರೆ ಯಾವ ಲೆಕ್ಕ? ಅಂದು ಈ ಉಪಾಯಕ್ಕೆ ಇಬ್ಬರು ಹೆಂಗಸರೂ ಇದೇ ಕೋಣೆಯಲ್ಲಿ ನಕ್ಕಿದ್ದರು. ಆ ನಗು ಈಗ ಆಕೆಗೆ ಬೇರೆ ಯಾರದ್ದೋ ಎಂಬಂತೆ ಕೇಳಿಸಿತು. ಒಬ್ಬ ಮನುಷ್ಯ ತನಗೆ ಕಾಯಿಲೆಯಿದೆ ಎಂದು ತಿಳಿಯದೆಯೇ ಎರಡು ವರ್ಷ ರೋಗಿಯಾಗಿದ್ದ. ಅವನ ಗುಟ್ಟನ್ನು ಅವನಿಂದಲೇ ಬಚ್ಚಿಟ್ಟು, ಈಗ ಪೊಲೀಸಿನವನಿಂದಲೂ ಬಚ್ಚಿಟ್ಟು, ಇದನ್ನು ವೈದ್ಯೆಯ ಧರ್ಮ ಎಂದು ಕರೆಯಬೇಕೇ?

ಹೋದ ವರ್ಷ ಅಧಿಕಾರಿಗಳು ಬಂದು ಇದೇ ಕುರ್ಚಿಯಲ್ಲಿ ಕುಳಿತು, ಮೂರು ಮಕ್ಕಳಾದವರು ಯಾರು ಯಾರು ಹೇಳಿ, ಆಪರೇಷನ್‌ಗೆ ಜನ ಬೇಕು ಎಂದಾಗ ಆಕೆ, "ನನಗೆ ಹೆಸರು ನೆನಪಿರೋದಿಲ್ಲ" ಎಂದಿದ್ದಳು. ತುರ್ತು ಪರಿಸ್ಥಿತಿಯ ಆ ದಿನಗಳಲ್ಲಿ ಹಾಗೆನ್ನಲು ಎದೆ ಬೇಕಿತ್ತು. ಅವರು ಹೋದ ಮೇಲೆ ಸಿರಿಂಜು ಒಡೆದಿದ್ದಳು. ಸುದ್ದಿ ಹೇಗೋ ಹಬ್ಬಿತು. ಡಾಕ್ಟರಮ್ಮನ ಹತ್ತಿರ ಹೇಳಿದ್ದು ಹೊಸಿಲು ದಾಟುವುದಿಲ್ಲ ಎಂದು ಹೆಂಗಸರು ಐಮಂಗಲದ ಕಡೆಯಿಂದಲೂ ಬರತೊಡಗಿದರು. ಸಂತೆಯಲ್ಲಿ ಸೌತೆಕಾಯಿ ಮಾರುವವಳು ಒಂದು ಹೆಚ್ಚಿಗೆ ಹಾಕುತ್ತಿದ್ದಳು. ಇದೆಲ್ಲ ಆಕೆಗೆ ಇಷ್ಟವಾಗುತ್ತಿತ್ತು. ಬೆಳಿಗ್ಗೆ ಮುರುಗಪ್ಪ ಕೇಳಿದ ಕೂಡಲೇ ಯೋಚಿಸದೆ ಬಾಯಿಂದ ಬಂದ ಮಾತು ಜುಂಜಣ್ಣನನ್ನು ಕಾಯುವುದಕ್ಕೋ, ಆ ಹೆಚ್ಚಿನ ಸೌತೆಕಾಯಿಯನ್ನೋ?

"ಡಾಕ್ಟ್ರಮ್ಮ, ಬರಬೋದಾ?"

ಬೊಮ್ಮಕ್ಕ ಬಾಗಿಲಲ್ಲಿ ನಿಂತಿದ್ದಳು. ಸೊಂಟದ ಮೇಲೆ ಗೋಣಿಯ ಚೀಲ, ಹಣೆಯ ಮೇಲೆ ಬೆವರಿನಲ್ಲಿ ಕದಡಿದ ಕುಂಕುಮ. ಒಳಗೆ ಬಂದು ಎಲೆಯಲ್ಲಿ ಕಟ್ಟಿದ ಉಂಡೆಯೊಂದನ್ನು ಮೇಜಿನ ಮೇಲೆ ಇಟ್ಟಳು. "ಹುಣಸೆಹಣ್ಣು. ಬೀಜ, ನಾರು ಎಲ್ಲಾ ನಾನೇ ಬಿಡಿಸೀನಿ. ಹೆಬ್ಬೆಟ್ಟು ನೋಯ್ತೈತೆ ಅಂದಿದ್ರಲ್ಲ ನೀವು."

ಯಾವಾಗ ಅಂದಿದ್ದೆ ಎಂದು ದಾಕ್ಷಾಯಣಮ್ಮನಿಗೇ ನೆನಪಿರಲಿಲ್ಲ. "ಜುಂಜಣ್ಣನೂ ಬಂದಿದ್ದಾರಾ?"

"ಬಂದವ್ರೆ. ಠಾಣೆ ತಾವ ಹೋದ್ರು. ಬಂದೂಕು ಕೊಡ್ತಾರಂತಲ್ಲ ಇವತ್ತು."

"ಹೇಗಿದ್ದಾರೆ ಈಗ?"

"ಬಾವಿ ಮಾತು ಎತ್ತಲ್ಲ. ಆದ್ರೆ ನಿದ್ದೆ ಅನ್ನೋದು ಕಣ್ಣಿಗೆ ಸುಳಿಯಲ್ಲ ನೋಡ್ರಿ. ಸಂಕ್ರಾಂತಿ ಆದ್ಮ್ಯಾಗೆ ಕುರಿ ಮರಿ ಹಾಕಾಕೆ ಹತ್ತಿದ್ವಲ್ಲ, ಅವಾಗಿಂದ ಕುರಿ ಕೂಡೋ ರೊಪ್ಪದಾಗೇ ಇರ್ತಾರೆ. ಊಟನೂ ಅಲ್ಲಿಗೇ ಹೊತ್ಕಂಡೋಗಿ ಇಟ್ಟು ಬರ್ತೀನಿ. ತೋಳ ಕಾಯ್ಬೇಕಲ್ಲ. ನಮ್ಮ ಕರಿಯ ನೆಟ್ಟಗಿದ್ದಿದ್ರೆ ತೋಳ ಆ ಕಡೆ ತಲೆ ಹಾಕ್ತಿತ್ತಾ?"

"ನಾಯಿಗೇನಾಯ್ತು? ಸತ್ತುಹೋಯ್ತಾ?"

"ಎಲ್ಲಿ ಸಾಯ್ತೈತೆ! ಉಣ್ಣೋದು, ಮಲಗೋದು. ಅತ್ತೆ ಮನೆಗೆ ಬಂದ ಹೊಸ ಅಳಿಯನಂಗೆ. ಕೂಗಿದ್ರೆ ಒಂದು ಕಣ್ಣು ತೆರೀತೈತೆ, ಯಾಕೆ ಎಬ್ಬಿಸ್ದೆ ಅನ್ನಂಗೆ ನೋಡ್ತೈತೆ, ಮತ್ತೆ ಮುಚ್ಕಂತೈತೆ. ತೋಳ ಕಣ್ಮುಂದೆ ಎರಡು ಮರಿ ಹೊತ್ಕಂಡೋದ್ರೂ ಎದ್ದಿಲ್ಲ ಆ ಮುಂಡೇದು."

ದಾಕ್ಷಾಯಣಮ್ಮ ನಗಲು ಹೋದಳು. ನಗು ಅರ್ಧಕ್ಕೆ ನಿಂತಿತು. ಚಂದ್ರವಳ್ಳಿಯ ಗುಹೆಗೆ ಕಾಲೇಜಿನ ಹುಡುಗಿಯರ ಜೊತೆ ಹೋದಾಗ ದಾರಿ ತೋರಿಸುವವನು ತಮಾಷೆಗೆಂದು ಲಾಟೀನು ಆರಿಸಿದ್ದ. ಆಗ ಕೈ ಚಾಚಿ ಗೋಡೆಯನ್ನು ಹುಡುಕಿದ್ದಳು, ಗೋಡೆ ಇರಬೇಕಾದಲ್ಲಿ ಇರಲಿಲ್ಲ. ಈಗಲೂ ಹಾಗೆಯೇ ಅನ್ನಿಸಿತು. "ಕರಿಯ ಏನು ತಿನ್ನುತ್ತೆ?"

"ಏನ್ ತಿಂತೈತೆ, ಮುದ್ದೆ. ರೊಪ್ಪದಾಗೆ ಉಣ್ಣೋವಾಗ ಮೊದಲ ತುತ್ತು ಮಂದೆ ಕಾಯೋ ನಾಯಿಗೆ. ಅದು ತಿಂದ ಮ್ಯಾಲೇ ಗಂಡಸ್ರು ಬಾಯಿಗಿಡೋದು. ನಮ್ಮೋರ ಪದ್ಧತಿ."

"ಆ ಮೊದಲ ತುತ್ತನ್ನ ಮುದ್ದೆಯ ಯಾವ ಕಡೆಯಿಂದ ಮುರೀತಾರೆ ಬೊಮ್ಮಕ್ಕ?"

"ಅದೇನು ಕೇಳ್ತೀರಿ, ಹಿಂಗೆ—" ಬೊಮ್ಮಕ್ಕ ಗಾಳಿಯಲ್ಲಿ ಮುದ್ದೆಯೊಂದನ್ನು ಇಟ್ಟುಕೊಂಡು ಮೇಲಿನಿಂದ ಕೈಯಿಳಿಸಿ, ಹೆಬ್ಬೆರಳು ಬೆರಳುಗಳ ನಡುವೆ ಅದರ ನೆತ್ತಿಯನ್ನು ಮುರಿದಳು. ಮುರಿದ ಕೈ ಹಾಗೇ ನಿಂತಿತು. ಅವಳು ಕೈಯನ್ನು ನೋಡಿದಳು. ಆಮೇಲೆ ಡಾಕ್ಟರಮ್ಮನನ್ನು ನೋಡಿದಳು.

ಮಾತ್ರೆಯನ್ನು ಮುದ್ದೆಯ ನೆತ್ತಿಯ ಮೇಲೆ ಒತ್ತು ಎಂದು ಹೇಳಿಕೊಟ್ಟವಳು ದಾಕ್ಷಾಯಣಮ್ಮನೇ. ಬೊಮ್ಮಕ್ಕ ನಡುವೆ ಇಡುತ್ತೇನೆ ಅಂದಿದ್ದಳು. ಬಿಸಿಗೆ ಮಾತ್ರೆ ಕೆಟ್ಟೀತು, ಮೇಲೆ ಆರಿದ ಕಡೆ ಹೆಬ್ಬೆರಳಿನಿಂದ ಒತ್ತಿ ಮುಚ್ಚು ಎಂದು ತಿದ್ದಿದ್ದಳು. ಮನೆಯಲ್ಲಿ ಉಣ್ಣುವವರೆಗೆ ಅದು ಸರಿಯಿತ್ತು.

"ಗಂಡಸ್ರು ರೊಪ್ಪದಾಗೆ ಉಣ್ಣಾದ್ನ ನಾವು ನಿಂತು ನೋಡಲ್ಲಮ್ಮ" ಎಂದಳು ಬೊಮ್ಮಕ್ಕ, ಯಾರೋ ಬೈದಿದ್ದಾರೆ ಎಂಬಂತೆ. "ಇಟ್ಟು ಬರೋದಷ್ಟೆ."

"ಬೈತಿಲ್ಲ ನಾನು. ಆ ತೋಳದ ಬಗ್ಗೆ ಅವರು ಏನು ಹೇಳ್ತಾರೆ?"

"ತೋಳ ದಿಟವಾಗ್ಲೂ ಬಂದಿತ್ತು. ನಾನೇ ಹೆಜ್ಜೆ ನೋಡೀನಿ." ಬೊಮ್ಮಕ್ಕ ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಬಿಟ್ಟಳು. "ಆದ್ರೆ ಇವರು ಹೇಳೋ ತೋಳ ಎದ್ದು ನಿಂತು ನಡೀತೈತಂತೆ. ಹೆಗಲ ಮ್ಯಾಲೆ ಓಬಣ್ಣನ ಕೆಂಪು ಟವಲ್ ಐತಂತೆ." ಅವಳು ನಕ್ಕಳು. ನಕ್ಕದ್ದು ತಿಳಿದ ಕೂಡಲೇ ಬಾಯಿ ಮುಚ್ಚಿಕೊಂಡಳು.

ಬೆಂಚಿನ ಮೇಲೆ ಯಾರದೋ ಮಗು ಅಳತೊಡಗಿತು. ದಾಕ್ಷಾಯಣಮ್ಮನ ದನಿ ತನಗೇ ಸಾಲದಷ್ಟು ಮೆಲ್ಲಗಿತ್ತು: "ಬಂದೂಕು ಇವತ್ತು ಅವರ ಕೈಗೆ ಬರಬಾರದು. ನಾನು ಮುರುಗಪ್ಪನವರಿಗೆ ಹೇಳ್ತೀನಿ."

ಬೊಮ್ಮಕ್ಕ ಆಕೆಯ ಎರಡೂ ಕೈ ಹಿಡಿದುಕೊಂಡಳು, ನೋಯುವ ಹೆಬ್ಬೆರಳನ್ನು ಆ ಹೊತ್ತಿನಲ್ಲೂ ತಪ್ಪಿಸಿ. "ಬ್ಯಾಡ್ರಮ್ಮ. ನಿಮ್ಮ ಕಾಲಿಗೆ ಬೀಳ್ತೀನಿ. ಠಾಣೆಯಾಗೆ ಒಂದು ಮಾತು ಅಂದ್ರೆ ಸಂಜೆಗೆ ಹಟ್ಟಿಗೆಲ್ಲಾ ಡಂಗುರ. ಹೊಸದುರ್ಗದ ಕಡೆಯೋರು ಮಗಳನ್ನ ನೋಡ್ಕಂಡೋಗವ್ರೆ, ಒಪ್ಪವ್ರೆ. ಓಬಣ್ಣಂಗೂ ಅದೇ ಬೇಕಾಗಿರೋದು, ಅಣ್ಣ ಹುಚ್ಚ ಅನ್ನಿಸ್ಕಂಡ್ರೆ ಹೊಲ ಅವನದು. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ರಿ ನೀವು. ಇನ್ನೊಂದಿಷ್ಟು ಮಾತ್ರೆ ಕೊಡ್ರಿ, ಈ ಸಲ ಸಾರಿಗೇ ಹಾಕ್ತೀನಿ. ಕೊಡ್ರಮ್ಮ."

ಕೊಟ್ಟಳು. ಮಾತ್ರೆಗಳನ್ನು ಕಾಗದದಲ್ಲಿ ಮಡಿಸುವಾಗ ಬೆರಳುಗಳು ತಮ್ಮಷ್ಟಕ್ಕೆ ತಾವೇ ಕೆಲಸ ಮಾಡಿದವು. ಬೊಮ್ಮಕ್ಕ ಪೊಟ್ಟಣವನ್ನು ಚೀಲದ ತಳಕ್ಕೆ ಹಾಕಿ, ಉಪ್ಪು ಮೆಣಸಿನಕಾಯಿ ತಗೊಂಡು ಠಾಣೆಯ ಹತ್ತಿರ ಹೋಗ್ತೀನಿ ಎಂದು ಸಂತೆಯ ಕಡೆ ಹೊರಟಳು. ದಾಕ್ಷಾಯಣಮ್ಮ ಅಳುತ್ತಿದ್ದ ಮಗುವನ್ನು ಒಳಗೆ ಕರೆದು ಕಿವಿ ನೋಡಿದಳು. ಮಗುವಿನ ತಾಯಿ ಏನೋ ಹೇಳುತ್ತಿದ್ದಳು. ಸಾರಿಗೆ ಹಾಕಿದ ಮಾತ್ರೆ ಮನಸ್ಸಿಗೆ ಇಳಿಯಲು ವಾರಗಳು ಬೇಕು. ಬಂದೂಕಿಗೆ ಅಷ್ಟು ತಾಳ್ಮೆಯಿಲ್ಲ. ಓಬಣ್ಣ ಈಗ ಎಲ್ಲಿರಬಹುದು? ಹೊಲದಲ್ಲಿ, ಬದುವಿನ ಮೇಲೆ, ಹೆಗಲ ಮೇಲೆ ಕೆಂಪು ಟವಲ್ ಹಾಕಿಕೊಂಡು. "ಡಾಕ್ಟರಮ್ಮ, ಆ ಕಿವಿಯಲ್ಲ, ಈ ಕಿವಿ" ಎಂದಳು ತಾಯಿ ಸಂಕೋಚದಿಂದ. ದಾಕ್ಷಾಯಣಮ್ಮ ಉಪಕರಣವನ್ನು ಕೆಳಗಿಟ್ಟು, ಕೊಡೆಯನ್ನೂ ತೆಗೆದುಕೊಳ್ಳದೆ ಬೀದಿಗೆ ಇಳಿದಳು.

ಠಾಣೆಯ ಮುಂದಿನ ಬೇವಿನ ಮರದ ಕೆಳಗೆ, ಕಲ್ಲಿನ ಮೇಲೆ ಜುಂಜಣ್ಣ ಕುಳಿತಿದ್ದ. ತೊಡೆಯ ಮೇಲೆ ಕಂಬಳಿಯಲ್ಲಿ ಸುತ್ತಿದ ಉದ್ದನೆಯ ವಸ್ತು. ಮಲಗಿದ ಮಗುವನ್ನು ಹಿಡಿದಂತೆ ಅದರ ಮೇಲೆ ಅಂಗೈ ಇಟ್ಟಿದ್ದ. ತಡವಾಗಿಹೋಗಿತ್ತು. ಆಕೆಯನ್ನು ಕಂಡು ಎದ್ದು, ಹೆಗಲ ಬಟ್ಟೆಯಿಂದ ಕಲ್ಲನ್ನು ಒರೆಸಿದ. "ಕುಂತ್ಕಳ್ರಮ್ಮ. ಬಿಸಿಲಾಗೆ ಬಂದೀರಿ." ಆಕೆ ಕುಳಿತಳು. ಕಲ್ಲಿನಲ್ಲಿ ಅವನ ಮೈಯ ಬಿಸಿ ಇನ್ನೂ ಇತ್ತು. ಮುಖ ಬಡವಾಗಿತ್ತು, ಕಣ್ಣು ಆಳಕ್ಕೆ ಹೋಗಿದ್ದವು. ಆದರೆ ಮಾತು, ನೋಟ, ನಿಂತ ರೀತಿ ಎಲ್ಲವೂ ಮರ್ಯಾದಸ್ಥನದು. ನನ್ನದೇ ತಪ್ಪಿರಬಹುದು ಎಂದು ಒಂದು ಕ್ಷಣ ಆಸೆಯಾಯಿತು.

"ಇನ್ಸ್‌ಪೆಕ್ಟರ್ ಸಾಹೇಬ್ರು ಹೇಳಿದ್ರು. ನನಗೇನೂ ಇಲ್ಲ ಅಂತ ನೀವು ಅಂದ್ರಂತೆ. ದೊಡ್ಡ ಉಪಕಾರ ಆತು ನಿಮ್ಮಿಂದ."

ಆತ ಅದನ್ನೂ ಹೇಳಿಬಿಟ್ಟಿದ್ದಾನೆ. ಈ ಊರಿನಲ್ಲಿ ಯಾವ ಮಾತೂ ಇಟ್ಟ ಕಡೆ ಇರುವುದಿಲ್ಲ. "ಬೊಮ್ಮಕ್ಕ ಬಂದ ಮೇಲೆ ನೇರ ಊರಿಗೇನಾ?" ಎಂದು ಏನಾದರೂ ಕೇಳಬೇಕೆಂದು ಕೇಳಿದಳು.

"ಊರಿಗೇ. ಓಬಣ್ಣನ್ನ ಒಂದು ಮಾತು ಕೇಳೋದೈತೆ."

"ಏನು?"

"ನಮ್ಮ ನಾಯಿಗೆ ಏನು ಹಾಕ್ತಿದೀಯಪ್ಪ ಅಂತ." ಅಳಿಯನ ಊರಲ್ಲಿ ಮಳೆ ಹೇಗೆ ಎಂದು ವಿಚಾರಿಸುವವನ ದನಿಯಲ್ಲಿ ಹೇಳಿದ. "ಕರಿಯನ ಬಾಯಿ ಬಿಡಿಸಿ ಮೂಸೀನಿ ನಾನು. ಔಷಧಿ ವಾಸನೆ. ಯಾರೋ ದಿನಾ ಹಾಕ್ತವ್ರೆ. ನಾಯಿ ಮಲಗಿದ್ರೆ ತಾನೆ ಮಂದೆಗೆ ನುಗ್ಗಾಕಾಗೋದು? ಕೇಳ್ತೀನಿ. ಹೇಳಿದ್ರೆ ಸರಿ."

ಕಂಬಳಿಯ ಮೇಲಿನ ಅಂಗೈ ಮೆಲ್ಲಗೆ ಹಿಂದೆ ಮುಂದೆ ಸರಿಯಿತು. ಠಾಣೆಯ ಜಗಲಿಯ ಮೇಲೆ ಯಾರೋ ಜೋರಾಗಿ ಆಕಳಿಸಿದರು. ದಾಕ್ಷಾಯಣಮ್ಮನಿಗೆ ಆ ಕ್ಷಣದಲ್ಲಿ ಕಂಡದ್ದು ಒಂದೇ: ಓಬಣ್ಣ ಏನೂ ಮಾಡಿಲ್ಲ, ಆ ಮಾತ್ರೆಗೂ ಅವನಿಗೂ ಸಂಬಂಧವಿಲ್ಲ, ಇದನ್ನು ಹೇಳಿದರೆ ಅವನು ಬದುಕಬಹುದು. ಬಹಳ ದಿನಗಳ ಮೇಲೆ ನಿಜ ಹೇಳುವ ಸಂದರ್ಭ ಸಿಕ್ಕಿದ್ದರಿಂದ ಎದೆ ಹಗುರಾದಂತೆಯೂ ಆಯಿತು.

"ಓಬಣ್ಣ ಏನೂ ಹಾಕಿಲ್ಲ ಜುಂಜಣ್ಣ. ಅದು ನಾನು ಕೊಟ್ಟ ಮಾತ್ರೆ."

"ನಾಯಿಗಾ?"

"ನಿಮಗೆ. ನಿಮಗೆ ನಿದ್ದೆ ಬರಲಿ, ಬಾವಿಯೊಳಗಿನ ದನಿ ನಿಲ್ಲಲಿ ಅಂತ. ತಪ್ಪಿ ನಾಯಿಯ ಬಾಯಿಗೆ ಹೋಗಿದೆ. ನಿಮ್ಮನ್ನ ಕೇಳಿ ಕೊಡಬೇಕಿತ್ತು. ಕೇಳಲಿಲ್ಲ."

ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಸಂಜೆ ರೊಪ್ಪದ ಬಾಯಲ್ಲಿ ನಿಂತು ಒಳಹೋಗುವ ಕುರಿಗಳನ್ನು ಒಂದೊಂದಾಗಿ ನೋಡುವವನ ಹಾಗೆ ಆಕೆಯನ್ನು ನೋಡುತ್ತಾ ನಿಂತ. ಹಾಗೆ ನೋಡಿ ಮುಗಿದ ಮೇಲೆ ಕೇಳಿದ:

"ಯಾರ ಕೈಯಾಗೆ ಕೊಟ್ರಿ?"

ಸಂತೆಯ ಕಡೆಯ ರಸ್ತೆಯಲ್ಲಿ ಬೊಮ್ಮಕ್ಕ ಬರುತ್ತಿದ್ದಳು. ಭಾರವಾದ ಚೀಲವನ್ನು ಸೊಂಟದಿಂದ ಸೊಂಟಕ್ಕೆ ಬದಲಿಸಲು ನಿಂತಳು, ಮತ್ತೆ ನಡೆದಳು. ಜುಂಜಣ್ಣ ಆ ಕಡೆ ತಿರುಗಿರಲಿಲ್ಲ. ದಾಕ್ಷಾಯಣಮ್ಮ ಉತ್ತರ ಹೇಳಲಿಲ್ಲ. ಹೇಳದೆ ಇದ್ದದ್ದೂ ಉತ್ತರವೇ ಎಂದು ತಿಳಿಯುವಷ್ಟರಲ್ಲಿ ಆಕೆ ಎದ್ದು ಠಾಣೆಯ ಮೆಟ್ಟಿಲು ಹತ್ತುತ್ತಿದ್ದಳು. ಒಂದು ಮೆಟ್ಟಿಲಿನಲ್ಲಿ ಸೀರೆ ಕಾಲಿಗೆ ಸಿಕ್ಕಿ ಮುಗ್ಗರಿಸಿ, ಕಂಬ ಹಿಡಿದುಕೊಂಡಳು.

"ಮುರುಗಪ್ಪನವರೇ, ಆ ಬಂದೂಕು ವಾಪಸ್ ತಗೊಳ್ಳಿ. ಜುಂಜಣ್ಣನಿಗೆ ಮನಸ್ಸಿನ ಕಾಯಿಲೆ ಇದೆ. ಎರಡು ವರ್ಷದಿಂದ ನಾನೇ ಔಷಧಿ ಕೊಡ್ತಿದೀನಿ."

ಮೆಲ್ಲಗೆ ಹೇಳಬೇಕೆಂದುಕೊಂಡದ್ದು ಅಂಗಳಕ್ಕೆಲ್ಲ ಕೇಳಿಸಿತು. ಬಂದೂಕಿಗಾಗಿ ಸಾಲಿನಲ್ಲಿ ನಿಂತಿದ್ದ ರೈತರು ತಿರುಗಿ ನೋಡಿದರು. ಮುರುಗಪ್ಪ ಕುರ್ಚಿಯಿಂದ ಅರ್ಧ ಎದ್ದ. "ಅಲ್ರೀ ಅಕ್ಕಾರೆ, ಬೆಳಿಗ್ಗೆ ನೀವು..."

"ಬೆಳಿಗ್ಗೆ ಹೇಳಿದ್ದು ಸುಳ್ಳು."

"ಹುಚ್ಚಂತೆ ಕಣ್ಲೇ" ಎಂದು ಸಾಲಿನ ಹಿಂದೆ ಯಾರೋ ಅಂದರು. "ಯಾರು, ಡಾಕ್ಟ್ರಮ್ಮನಾ?" ಎಂದು ಇನ್ನೊಬ್ಬ ಕೇಳಿದ. ನಾಲ್ಕು ಜನ ನಕ್ಕರು.

ಇಬ್ಬರು ಕಾನ್‌ಸ್ಟೇಬಲ್‌ಗಳು ಮೆಟ್ಟಿಲಿಳಿದರು. ಅವರಿಗೆ ಕೆಲಸ ಕೊಡದೆ ಜುಂಜಣ್ಣ ತಾನೇ ಬಂದು, ಕಂಬಳಿ ಬಿಚ್ಚಿ, ಬಂದೂಕನ್ನು ಜಗಲಿಯ ಮೇಲೆ ಮಲಗಿಸಿದ. ಅವನ ಅಪ್ಪನ ಕಾಲದ ಒಂಟಿ ನಳಿಗೆಯ ಬಂದೂಕು. ಹಿಡಿಯ ಮರ ಕೈಯಾಡಿ ನುಣುಪಾಗಿತ್ತು. "ಬಂದೂಕಿನ ಕುದುರೆ ಸಡ್ಲ ಐತೆ ಸಾಮಿ. ಹುಷಾರಾಗಿ ಎತ್ತಿಡ್ರಿ, ಕೈಗೆ ಬಡಿದೀತು" ಎಂದು ಕಾನ್‌ಸ್ಟೇಬಲ್‌ಗೆ ಹೇಳಿದ. ದಾಕ್ಷಾಯಣಮ್ಮನ ಕಡೆ ನೋಡಲಿಲ್ಲ. ಕಂಬಳಿಯನ್ನು ಅಂಚಿಗೆ ಅಂಚು ಸೇರಿಸಿ ಮಡಿಸಿ ಹೆಗಲಿಗೆ ಹಾಕಿಕೊಂಡ.

"ಇವರನ್ನ ಹೀಗೇ ಊರಿಗೆ ಕಳಿಸೋಹಾಗಿಲ್ಲ" ಎಂದಳು ಆಕೆ, ಮುರುಗಪ್ಪನಿಗೆ ಮಾತ್ರ ಕೇಳುವಂತೆ. "ಜೊತೆಗೆ ಯಾರನ್ನಾದರೂ ಕಳಿಸಿ. ಬೆಂಗಳೂರಿಗೆ ಕರಕೊಂಡು ಹೋಗಬೇಕು. ನಾನೇ ಬರ್ತೀನಿ."

"ಬಂದೂಕು ಬಂತಲ್ರಿ ಅಕ್ಕಾರೆ, ಇನ್ನೇನು? ಕಾಯ್ದೆಯಾಗೆ ಇರೋದು ಇಷ್ಟೇ." ಆತ ಬೇಸರದಿಂದಲ್ಲ, ಆಕೆಯನ್ನು ಸಮಾಧಾನ ಮಾಡುವವನ ಹಾಗೆ ಹೇಳಿದ. ಗಂಟಲು ಇನ್ನೂ ಕಟ್ಟಿಕೊಂಡಿತ್ತು. "ಮನುಷ್ಯ ಎಷ್ಟು ಮೆತ್ತಗವ್ನೆ ನೋಡ್ರಿ. ಒಂದು ಮಾತು ಎದುರಾಡ್ಲಿಲ್ಲ. ನಾಳೆ ನೋಡಾಣ. ನೀವು ಒಂದು ಲೋಟ ನೀರು ಕುಡೀರಿ ಮೊದ್ಲು."

ಬೊಮ್ಮಕ್ಕ ಅಂಗಳದ ಬಾಯಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿದ್ದಳು. ದಾಕ್ಷಾಯಣಮ್ಮ ಮೆಟ್ಟಿಲಿಳಿದು ಹತ್ತಿರ ಹೋಗಿ, "ಇವತ್ತು ನಮ್ಮನೇಲಿ ಉಳ್ಕೋ ಬೊಮ್ಮಕ್ಕ. ನಾಳೆ ಇಬ್ಬರೂ ಹೋದರಾಯ್ತು" ಎಂದಳು. ಹೇಳಬೇಕಾದದ್ದು ಬೇರೆ ಇತ್ತು. ಅವನಿಗೆ ಗೊತ್ತಾಗಿದೆ, ಯಾರ ಕೈ ಎಂದು ಗೊತ್ತಾಗಿದೆ. ಅವನು ಎರಡು ಹೆಜ್ಜೆ ಆಚೆಗೆ ನಿಂತಿದ್ದ. ಅವನ ಎದುರಿಗೆ ಆ ಮಾತನ್ನು ಬಾಯಿಂದ ಹೊರಡಿಸುವ ಬಗೆ ಆಕೆಗೆ ತಿಳಿಯಲಿಲ್ಲ.

"ಯಾಕಮ್ಮ?" ಎಂದಳು ಬೊಮ್ಮಕ್ಕ. ಸಂತೆಯಲ್ಲಿ ಗುರುತಿಲ್ಲದವರು ದಾರಿ ಕೇಳಿದರೆ ನೋಡುವ ನೋಟ. "ಮಗಳೊಬ್ಬಳೇ ಅವಳೆ ಮನ್ಯಾಗೆ."

"ನಡಿ, ಹೋಗಾಣ" ಎಂದ ಜುಂಜಣ್ಣ.

ಅವರು ಬಸ್ಸಿನ ಕಡೆಗೆ ಹೊರಟರು. ಅವನು ಮುಂದೆ, ಅವಳು ಹಿಂದೆ, ಹಟ್ಟಿಯ ಗಂಡ ಹೆಂಡಿರು ನಡೆಯುವ ಹಾಗೆ. ರಸ್ತೆ ತಿರುಗುವ ಕಡೆ ಅವನು ನಿಂತ. ಅವಳು ಹತ್ತಿರ ಬರುವವರೆಗೂ ಕಾದ. ಆಮೇಲೆ ಕೈ ಚಾಚಿ, ಅವಳ ಸೊಂಟದ ಮೇಲಿನ ಚೀಲವನ್ನು ತಾನು ಇಸಕೊಂಡ. ಹೆಂಡತಿಯ ಭಾರ ಹೊತ್ತ ಗಂಡಸನ್ನು ಆ ಕಡೆಯ ಯಾವ ಹಟ್ಟಿಯಲ್ಲೂ ದಾಕ್ಷಾಯಣಮ್ಮ ಕಂಡಿರಲಿಲ್ಲ. ಬೇರೆ ದಿನವಾಗಿದ್ದರೆ ಆ ನೋಟವನ್ನು ವಾರವೆಲ್ಲ ಮನಸ್ಸಿನಲ್ಲಿಟ್ಟುಕೊಂಡು ತಿರುಗುತ್ತಿದ್ದಳು. ಬಿಸಿಲಿಗೆ ಹಣೆಗೆ ಕೈ ಅಡ್ಡ ಹಿಡಿದಳು. ಅವನ ಬೆರಳುಗಳು ಚೀಲವನ್ನು ಹಿಡಿದಿದ್ದವೋ, ತಳದ ಮಾತ್ರೆಯ ಪೊಟ್ಟಣವನ್ನು ಹುಡುಕುತ್ತಿದ್ದವೋ ಅಷ್ಟು ದೂರದಿಂದ ಕಾಣಿಸಲಿಲ್ಲ. ಬೊಮ್ಮಕ್ಕ ಈಗ ಅವನ ಪಕ್ಕದಲ್ಲೇ ನಡೆಯುತ್ತಿದ್ದಳು. ಬರಿಗೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಸೆರಗಿನಲ್ಲಿ ಸುತ್ತಿಕೊಂಡಿದ್ದಳು.